ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಯಸ್ಸಾದ ತಂದೆ ತಾಯಿಯನ್ನು ಮಕ್ಕಳು ಆಸ್ಪತ್ರೆಯಲ್ಲಿ ಬಿಟ್ಟು ಹೋದ ಸುದ್ದಿ ಪ್ರಕಟವಾದಾಗಲೆಲ್ಲ ಓದುಗರ ಅಂಕಣದಲ್ಲಿ ಆ ಮಕ್ಕಳ ಕೃತಘ್ನತೆಯನ್ನು ಖಂಡಿಸುವ ಪತ್ರಗಳು ಬರುತ್ತವೆ. 2025ರ ಮಾರ್ಚ್‌ನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರು, ಹೀಗೆ ಹೆತ್ತವರನ್ನು ಬಿಟ್ಟುಹೋಗುವವರ ಹೆಸರಿಗಾಗಿರುವ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಬೇಕೆಂದು ಅಧಿಕಾರಿಗಳಿಗೆ ಸೂಚಿಸಿದಾಗಲೂ ಅಂಥ ಪತ್ರಗಳು ಬಂದವು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ತಾಲ್ಲೂಕು ಮಟ್ಟದ ನ್ಯಾಯಾಲಯದಲ್ಲಿ ಸಿವಿಲ್ ವ್ಯಾಜ್ಯಗಳನ್ನು ನಡೆಸುತ್ತ ಬಂದಿರುವ ನನಗೆ, ಇಂಥ ಸುದ್ದಿಗಳ ಹಿಂದೆ ಬಹಳ ಸಲ ಒಂದು ನೋಂದಾಯಿತ ಕಾಗದ ಕಾಣಿಸುತ್ತದೆ. ಬದುಕಿನ ಕೊನೆಯ ವರ್ಷಗಳಿಗೆ ಆಸರೆಯಾಗಬೇಕಿದ್ದ ಮನೆ ಅಥವಾ ಜಮೀನನ್ನು ಹಿರಿಯರು ಯಾವ ಷರತ್ತೂ ಇಲ್ಲದೆ, ಕಾಗದದಲ್ಲಿ ಏನಿದೆ ಎಂದು ಪೂರ್ತಿ ತಿಳಿಯದೆ, ಬದುಕಿರುವಾಗಲೇ ದಾನಪತ್ರದ ಮೂಲಕ ಬಿಟ್ಟುಕೊಟ್ಟಿರುತ್ತಾರೆ. ಅದೇ ಆಸ್ತಿಗೆ ಉಯಿಲು ಬರೆದಿದ್ದರೆ ಅವರ ಹಕ್ಕು ಅವರ ಕೊನೆಯುಸಿರಿನವರೆಗೂ ಅವರ ಕೈಯಲ್ಲೇ ಇರುತ್ತಿತ್ತು. ಈ ಒಂದು ವಿಷಯವನ್ನು ತಮ್ಮ ಓದುಗರ ಮುಂದಿಡಬೇಕೆಂದು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ದಾನಪತ್ರ ನೋಂದಣಿಯಾದ ಕ್ಷಣದಿಂದ ಆಸ್ತಿ ಪಡೆದವರದ್ದಾಗುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮಿನ ಪ್ರಕಾರ, ಕೆಲವು ಸೀಮಿತ ಸಂದರ್ಭಗಳನ್ನು ಬಿಟ್ಟರೆ, ಕೊಟ್ಟ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಉಯಿಲು ಹಾಗಲ್ಲ. ಬರೆದವರು ತೀರಿಕೊಂಡ ಮೇಲಷ್ಟೇ ಅದು ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು, ಉಯಿಲಿನಲ್ಲಿ ಹೆಸರಿಸಿದ ಆಸ್ತಿಯನ್ನೇ ಮಾರಿ ಆ ಹಣವನ್ನು ತಮ್ಮ ಔಷಧಿಗೆ ಬಳಸಿಕೊಳ್ಳಲೂಬಹುದು. ಹೀಗಿದ್ದೂ ನಮ್ಮ ಕಡೆ ಹಿರಿಯರಿಂದ ದಾನಪತ್ರವನ್ನೇ ಬರೆಸಿಕೊಳ್ಳುವುದಕ್ಕೆ ಕಾರಣಗಳಿವೆ. ಕುಟುಂಬದ ಸದಸ್ಯರ ನಡುವಿನ ದಾನಕ್ಕೆ ಕರ್ನಾಟಕದಲ್ಲಿ ಆಸ್ತಿಯ ಮೌಲ್ಯದ ಮೇಲೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ನಿಗದಿತ ಸಣ್ಣ ಮೊತ್ತವಿದೆ. ಖಾತೆ ಕೂಡಲೇ ಬದಲಾಗುತ್ತದೆ, ಬ್ಯಾಂಕ್ ಸಾಲ ಸಿಗುತ್ತದೆ, ಮುಂದೆ ಅಕ್ಕತಂಗಿಯರು ಉಯಿಲನ್ನು ಪ್ರಶ್ನಿಸಿ ದಾವೆ ಹೂಡುವರೆಂಬ ಚಿಂತೆಯೂ ಕಡಿಮೆಯಾಗುತ್ತದೆ. ಈ ಅನುಕೂಲಗಳೆಲ್ಲ ಬರೆಸಿಕೊಳ್ಳುವವರಿಗೆ ಸೇರಿದವು. ಬರೆದುಕೊಡುವವರಿಗೆ ಏನು ಉಳಿಯಿತು ಎಂಬುದನ್ನು ಪತ್ರ ಬರಹಗಾರರೂ ಕೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಉಪನೋಂದಣಿ ಕಚೇರಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದಾಗ ಕಂಡದ್ದನ್ನು ಇಲ್ಲಿ ಹೇಳಬೇಕು. ಎಂಬತ್ತರ ಆಸುಪಾಸಿನ ಒಬ್ಬ ತಾಯಿಯನ್ನು ಬೆರಳಚ್ಚು ತೆಗೆಯುವ ಯಂತ್ರದ ಮುಂದೆ ಕೂರಿಸಿದ್ದರು. ಜೀವಮಾನವಿಡೀ ಕಳೆ ಕಿತ್ತು, ರಾಗಿ ಬೀಸಿ ಸವೆದ ಬೆರಳು, ಯಂತ್ರ ಹಿಡಿಯುತ್ತಲೇ ಇರಲಿಲ್ಲ. ಮಗ ಆಕೆಯ ಸೆರಗಿನಿಂದಲೇ ಬೆರಳು ಒರೆಸಿ ಮತ್ತೆ ಮತ್ತೆ ಒತ್ತಿಸುತ್ತಿದ್ದ. ನಡುವೆ ಆ ತಾಯಿ, "ಇದು ಪಿಂಚಣಿದಾ ಮಗಾ?" ಎಂದು ಕೇಳಿದರು. "ಹ್ಞೂ ಕಣವ್ವ, ಒತ್ತು" ಎಂದ. ಆ ಮಾತು ಉಪನೋಂದಣಾಧಿಕಾರಿಯ ಕಿವಿಗೆ ಬಿತ್ತು. ಆಕೆ ಕುರ್ಚಿಯಿಂದ ಎದ್ದು ಬಂದು, ಮಗನನ್ನು ಹೊರಗೆ ನಿಲ್ಲಲು ಹೇಳಿ, "ಅಜ್ಜಿ, ಮನೆ ಯಾರ ಹೆಸರಿಗೆ ಬರೀತಾ ಇದ್ದೀರಿ?" ಎಂದು ಕೇಳಿದರು. "ಮನೆ ನಂದೇ ಅಲ್ವೇನವ್ವಾ?" ಎಂದರು ಅಜ್ಜಿ. ಅಂದು ಆ ಪತ್ರ ನೋಂದಣಿಯಾಗಲಿಲ್ಲ. ಪತ್ರ ಬರೆದುಕೊಡುವವರು ಅದನ್ನು ತಾವೇ ಬರೆದುಕೊಟ್ಟಿರುವುದಾಗಿ ಒಪ್ಪುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳುವುದು ನೋಂದಣಿ ಕಾಯ್ದೆಯ ಪ್ರಕಾರವೇ ಅಧಿಕಾರಿಯ ಕರ್ತವ್ಯ. ಆ ಹೆಣ್ಣುಮಗಳು ಮಾಡಿದ್ದು ಅದನ್ನೇ. ಆದರೆ ದಿನಕ್ಕೆ ಹತ್ತಾರು ಪತ್ರಗಳ ಒತ್ತಡವಿರುವ ಕಚೇರಿಯಲ್ಲಿ ಹೀಗೆ ಎದ್ದು ಬಂದು ಕೇಳುವವರು ಎಷ್ಟು ಮಂದಿ ಇದ್ದಾರು? ಕೇಳಿದಾಗಲೂ ಮಗ ಪಕ್ಕದಲ್ಲೇ ನಿಂತಿದ್ದರೆ ಯಾವ ತಾಯಿ ತಾನೆ ಬಾಯಿ ಬಿಟ್ಟಾಳು?

ಬರೆದುಕೊಟ್ಟಾದ ಮೇಲೆ ದಾರಿಯೇ ಇಲ್ಲವೆಂದಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯ್ದೆ, 2007ರ 23ನೇ ಕಲಮಿನ ಪ್ರಕಾರ, ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕರು ಆಸ್ತಿ ಕೊಟ್ಟಿದ್ದು, ಪಡೆದವರು ಆ ಮಾತನ್ನು ನಡೆಸಿಕೊಡದಿದ್ದರೆ, ಅಂಥ ವರ್ಗಾವಣೆಯನ್ನು ಅಸಿಂಧು ಎಂದು ಘೋಷಿಸುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯನ್ನು ಕೇಳಬಹುದು. ಆ ಆದೇಶದ ಮೇಲಿನ ಮೇಲ್ಮನವಿ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತದೆ. ಇಲ್ಲಿ ಇಡೀ ಪ್ರಕರಣ ನಿಂತಿರುವುದು "ಷರತ್ತಿನ ಮೇಲೆ" ಎಂಬ ಮಾತಿನ ಮೇಲೆ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತೆಂಬುದು ಸಾಬೀತಾಗದಿದ್ದರೆ ಈ ಕಲಮಿನಡಿ ವರ್ಗಾವಣೆಯನ್ನು ರದ್ದುಪಡಿಸಲಾಗದು ಎಂದು ಸ್ಪಷ್ಟವಾಗಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ತಾಯಿ ಮಗನಿಗೆ ಬರೆದುಕೊಟ್ಟಿದ್ದ ದಾನಪತ್ರದ ರದ್ದತಿಯನ್ನು ಎತ್ತಿಹಿಡಿಯಿತು. ಆ ತಾಯಿಯ ಕೈಯಲ್ಲಿ, ಕೊನೆಯವರೆಗೂ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟಿದ್ದನೆನ್ನಲಾದ ಒಂದು ವಾಗ್ದಾನ ಪತ್ರವಿತ್ತು. ಅಂಥದ್ದೇನೂ ಇಲ್ಲದ, "ಪ್ರೀತಿ ವಿಶ್ವಾಸದಿಂದ ದಾನವಾಗಿ ಕೊಟ್ಟಿರುತ್ತೇನೆ" ಎಂಬ ಒಂದೇ ಸಾಲಿನ ದಾನಪತ್ರ ಹಿಡಿದು ಬರುವ ಹಿರಿಯರಿಗೆ ಧೈರ್ಯ ಹೇಳುವುದು ಕಷ್ಟ.

ಆದ್ದರಿಂದ ದಾನಪತ್ರ ಬರೆಯಲೇಬೇಕಾದ ಸಂದರ್ಭ ಬಂದರೆ ಎರಡು ಮಾತುಗಳು ಅದರಲ್ಲಿ ಕಡ್ಡಾಯವಾಗಿ ಇರಬೇಕು. ದಾನ ಪಡೆಯುವವರು ದಾನಿಯ ಊಟ, ವಸತಿ, ಬಟ್ಟೆ, ವೈದ್ಯಕೀಯ ಆರೈಕೆಗಳನ್ನು ಅವರ ಜೀವಿತಾವಧಿಯವರೆಗೆ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಕಲಮಿನಂತೆ ಈ ದಾನ ರದ್ದತಿಗೆ ಒಳಪಟ್ಟಿರುತ್ತದೆ ಎಂಬುದು ಒಂದು. ದಾನಿಯೂ ದಾನಿಯ ಪತ್ನಿ ಅಥವಾ ಪತಿಯೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ, ಜಮೀನಿನ ಉತ್ಪನ್ನವನ್ನೂ ಬಾಡಿಗೆಯನ್ನೂ ಅನುಭವಿಸುವ ಹಕ್ಕನ್ನು ಉಳಿಸಿಕೊಂಡಿದ್ದಾರೆ ಎಂಬುದು ಇನ್ನೊಂದು. ಹೀಗೆ ಅನುಭೋಗದ ಹಕ್ಕನ್ನು ಉಳಿಸಿಕೊಂಡು ಕೊಟ್ಟ ದಾನವೂ ಊರ್ಜಿತವೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಎರಡು ಸಾಲುಗಳನ್ನು ಸೇರಿಸಲು ಹೆಚ್ಚು ಖರ್ಚೇನೂ ಇಲ್ಲ. ನಿಜವಾಗಿಯೂ ನೋಡಿಕೊಳ್ಳುವ ಮನಸ್ಸಿರುವ ಮಗನೋ ಮಗಳೋ ಈ ಸಾಲುಗಳಿಗೆ ಬೇಸರಪಡಬೇಕಾದ ಕಾರಣವೂ ಇಲ್ಲ.

ಇನ್ನು ಉಯಿಲಿನ ವಿಷಯ. ಉಯಿಲು ಎಂದರೆ ಕೋಟಿಗಟ್ಟಲೆ ಆಸ್ತಿ ಇರುವವರ ಕೆಲಸ, ಛಾಪಾ ಕಾಗದ ಬೇಕು, ವಕೀಲರ ದೊಡ್ಡ ಶುಲ್ಕ ಬೇಕು ಎಂದು ಅನೇಕರು ತಿಳಿದಿದ್ದಾರೆ. ಬಿಳಿ ಹಾಳೆಯ ಮೇಲೆ ಸ್ವಂತ ಕೈಬರಹದಲ್ಲಿ, ಶುದ್ಧ ಕನ್ನಡದಲ್ಲಿ ಬರೆದ ಉಯಿಲೂ ಕಾನೂನಿನ ದೃಷ್ಟಿಯಲ್ಲಿ ಪೂರ್ಣ ಉಯಿಲೇ. ಇದಕ್ಕೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಮುಖ್ಯವಾಗಿ ಕೇಳುವುದು ಇಷ್ಟು: ಬರೆಯುವವರು ಸಹಿ ಹಾಕಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಂಡಿರಬೇಕು ಅಥವಾ ಅದು ತಮ್ಮದೇ ಸಹಿಯೆಂದು ಅವರ ಬಾಯಿಂದ ಕೇಳಿರಬೇಕು, ಆ ಸಾಕ್ಷಿಗಳು ಬರೆದವರ ಎದುರಿನಲ್ಲೇ ತಮ್ಮ ಸಹಿ ಹಾಕಬೇಕು. ನಮ್ಮ ಕಡೆಯ ಉಯಿಲುಗಳು ಮುಗ್ಗರಿಸುವುದು ಈ ಸಾಕ್ಷಿಗಳ ವಿಷಯದಲ್ಲೇ. ಉಯಿಲು ನೋಂದಣಿಯಾಗಿದ್ದರೂ, ವಿವಾದ ಬಂದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ನುಡಿಯಬೇಕೆಂಬುದು ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಎಪ್ಪತ್ತೈದರ ಯಜಮಾನರು ತಮ್ಮ ವಾರಿಗೆಯ ಸ್ನೇಹಿತರನ್ನೇ ಸಾಕ್ಷಿಗೆ ಕರೆದರೆ, ಇಪ್ಪತ್ತು ವರ್ಷಗಳ ನಂತರ ಸಾಕ್ಷಿ ಹೇಳಲು ಯಾರು ಉಳಿದಿರುತ್ತಾರೆ? ಸಾಕ್ಷಿಗಳು ವಯಸ್ಸಿನಲ್ಲಿ ಕಿರಿಯರಾಗಿರಲಿ, ಊರಿನಲ್ಲೇ ಸಿಗುವವರಾಗಿರಲಿ, ಉಯಿಲಿನಿಂದ ಏನನ್ನೂ ಪಡೆಯದವರಾಗಿರಲಿ.

ಉಯಿಲನ್ನು ಯಾರು ಬರೆಸಿದರು ಎಂಬುದು ಅದರಲ್ಲಿ ಏನು ಬರೆದಿದೆ ಎಂಬುದರಷ್ಟೇ ಮುಖ್ಯ. ಇದನ್ನು ದೇಶಕ್ಕೆಲ್ಲ ಕಲಿಸಿದ್ದು ನಮ್ಮ ಮೈಸೂರು ಸೀಮೆಯ ಒಂದು ವ್ಯಾಜ್ಯವೇ. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ ಲಕ್ಷ್ಮಮ್ಮ ಎಂಬುವರು ಬರೆದರೆನ್ನಲಾದ ಉಯಿಲನ್ನು ಮೈಸೂರು ಹೈಕೋರ್ಟೂ, 1958ರ ಕೊನೆಯಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಉಯಿಲಿನ ಸಿದ್ಧತೆಯಲ್ಲಿ ಮುಂದಾಗಿ ನಿಂತವರ ಮನೆಗೇ ಅದರ ದೊಡ್ಡ ಲಾಭ ಹೋಗುತ್ತಿದ್ದುದು ಅಲ್ಲಿ ಎದ್ದ ಮುಖ್ಯ ಸಂಶಯ. ಅಂಥ ಸಂಶಯಾಸ್ಪದ ಸಂದರ್ಭಗಳನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರ ಮೇಲೆಯೇ ಇರುತ್ತದೆ ಎಂದು ಆ ತೀರ್ಪು ಹೇಳಿತು. ಇಂದಿಗೂ ಉಯಿಲಿನ ಪ್ರತಿಯೊಂದು ದಾವೆಯಲ್ಲೂ ಅದನ್ನು ಉದ್ಧರಿಸುತ್ತೇವೆ. ಐಸಿಯುಗೆ ಸೇರಿಸುವ ಹಿಂದಿನ ದಿನ ಬರೆಸಿದ ಉಯಿಲು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದವರಿಂದ ಇಂಗ್ಲಿಷ್ ಕಾಗದಕ್ಕೆ ಹಾಕಿಸಿಕೊಂಡ ಸಹಿ, ಪತ್ನಿಯನ್ನೋ ಮಗಳನ್ನೋ ಒಂದು ಕಾರಣವನ್ನೂ ಹೇಳದೆ ಬಿಟ್ಟ ಬರಹ, ಇವೆಲ್ಲ ವ್ಯಾಜ್ಯವನ್ನು ಕೈಬೀಸಿ ಕರೆಯುತ್ತವೆ. ಮಗಳಿಗೆ ಕಡಿಮೆ ಕೊಟ್ಟಿದ್ದರೆ ಯಾಕೆ ಕೊಟ್ಟೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಲಿ, ಆರೋಗ್ಯವಾಗಿರುವಾಗಲೇ ಬರೆಯಲಿ, ತಮ್ಮನ್ನು ಎಂದಿನಿಂದ ನೋಡುವ ವೈದ್ಯರಿಂದ ಅದೇ ದಿನ ಮನಸ್ಸಿನ ಸ್ವಾಸ್ಥ್ಯದ ಬಗ್ಗೆ ಒಂದು ಪ್ರಮಾಣಪತ್ರ ಪಡೆದು ಜೊತೆಗಿಡಲಿ.

ಯಾವುದನ್ನು ಬರೆಯಬಹುದು ಎಂಬುದಕ್ಕೂ ಮಿತಿಯಿದೆ. ಸ್ವಯಾರ್ಜಿತ ಆಸ್ತಿಯನ್ನು ಇಷ್ಟ ಬಂದವರಿಗೆ ಬರೆಯಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ ಬರೆಯಬಹುದು. "ನನ್ನ ಎಲ್ಲ ಜಮೀನು ಗಂಡುಮಕ್ಕಳಿಗೆ" ಎಂದು ಯಜಮಾನರು ಬರೆದಿಟ್ಟು ಹೋದ ಉಯಿಲನ್ನು ನಂಬಿ ಅಣ್ಣತಮ್ಮಂದಿರು ಜಮೀನು ಹಂಚಿಕೊಂಡ ಮೇಲೆ ಅಕ್ಕನ ದಾವೆಯ ಸಮನ್ಸ್ ಬಂದಾಗ ಊರೆಲ್ಲ ಅಕ್ಕನನ್ನು ದೂರುವುದನ್ನು ನೋಡಿದ್ದೇನೆ. ದೂರಬೇಕಾದ್ದು ಆಕೆಯನ್ನಲ್ಲ. ಕರ್ನಾಟಕವು 1994ರ ತಿದ್ದುಪಡಿಯಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬರುವ ಪಾಲಿನ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ತಂದೆ 2005ರ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಅದು ಅಡ್ಡಿಯಲ್ಲವೆಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳುವುದು ಇಂಥ ಮನೆಗಳಿಗೆ ಇರುವ ನೇರ ದಾರಿ. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಬರೆಯುವಂತಿಲ್ಲ. ಕ್ರೈಸ್ತರು ಮದುವೆಗೆ ಮೊದಲು ಬರೆದ ಉಯಿಲು ಮದುವೆಯೊಂದಿಗೆ ರದ್ದಾಗುತ್ತದೆ.

ಉಯಿಲಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಮಕ್ಕಳಿಲ್ಲದ ಹೆಣ್ಣುಮಕ್ಕಳಿಗೆ. ಇದನ್ನು ಓದುವ ಸಹೋದರಿಯರು ದಯವಿಟ್ಟು ಗಮನಿಸಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ, ಗಂಡನೂ ಮಕ್ಕಳೂ ಇಲ್ಲದ ಹಿಂದೂ ಸ್ತ್ರೀ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ಸ್ವಂತ ದುಡಿಮೆಯಿಂದ ಗಳಿಸಿದ್ದೆಲ್ಲ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತ ತಾಯಿ ತಂದೆಯರ ಸರದಿ ಅದರ ನಂತರ, ಒಡಹುಟ್ಟಿದವರ ಸರದಿ ಇನ್ನೂ ನಂತರ. ತಂದೆ ತಾಯಿಯಿಂದ ಬಂದ ಆಸ್ತಿಗಷ್ಟೇ ಬೇರೆ ನಿಯಮವಿದ್ದು, ಅದು ತಂದೆಯ ವಾರಸುದಾರರಿಗೆ ಮರಳುತ್ತದೆ. 2009ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿದ್ದ ನಾರಾಯಣಿ ದೇವಿಯವರ ಕತೆ ಓದಿದರೆ ಕರುಳು ಹಿಂಡುತ್ತದೆ. ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಅತ್ತೆಯ ಮನೆಯಿಂದ ಹೊರಹಾಕಿಸಿಕೊಂಡು, ತವರಿನವರ ಆಸರೆಯಲ್ಲಿ ಓದಿ ನೌಕರಿ ಹಿಡಿದು, ಬ್ಯಾಂಕಿನಲ್ಲೂ ಭವಿಷ್ಯ ನಿಧಿಯಲ್ಲೂ ದೊಡ್ಡ ಮೊತ್ತ ಕೂಡಿಟ್ಟಿದ್ದ ಆಕೆ ಉಯಿಲು ಬರೆಯದೆ ತೀರಿಕೊಂಡರು. ಆ ಹಣ ತವರಿಗೆ ದಕ್ಕಲಿಲ್ಲ, ಗಂಡನ ಅಕ್ಕತಂಗಿಯ ಮಕ್ಕಳ ಪಾಲಾಯಿತು. ಭಾವನೆಗಳ ಆಧಾರದ ಮೇಲೆ ಕಾನೂನಿನ ಪದಗಳನ್ನು ಬದಲಿಸಲಾಗದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಕಾನೂನು ಬದಲಾಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಬದಲಾಗುವವರೆಗೆ, ತಮ್ಮನ್ನು ನೋಡಿಕೊಳ್ಳುತ್ತಿರುವ ತಮ್ಮನ ಮಗಳಿಗೋ ತಂಗಿಗೋ ತಮ್ಮ ಗಳಿಕೆ ಸಲ್ಲಬೇಕೆಂದು ಬಯಸುವ ನಿವೃತ್ತ ಶಿಕ್ಷಕಿಯರು, ದಾದಿಯರು, ಸರ್ಕಾರಿ ನೌಕರರು ಒಂದು ಹಾಳೆಯ ಉಯಿಲನ್ನು ಇಂದೇ ಬರೆದಿಡಬೇಕು.

"ನಾಮಿನಿ ಮಾಡಿದ್ದೇನಲ್ಲ, ಸಾಲದೇ?" ಎಂದು ಕೇಳುವವರು ಬಹಳ. ಸಾಲದು. ಬ್ಯಾಂಕಿನ ದೃಷ್ಟಿಯಲ್ಲಿ ನಾಮಿನಿ ಎಂದರೆ ಹಣವನ್ನು ಪಡೆದುಕೊಳ್ಳಲು ಅರ್ಹರಾದವರು, ಅಷ್ಟೇ. ಆ ಹಣ ಕೊನೆಗೆ ಯಾರದು ಎಂಬುದನ್ನು ಉಯಿಲು ಅಥವಾ ಉತ್ತರಾಧಿಕಾರ ಕಾನೂನು ತೀರ್ಮಾನಿಸುತ್ತದೆ. ಠೇವಣಿಗಳ ಬಗ್ಗೆ 2010ರಲ್ಲೂ, ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿದೆ. ಹಾಗೆಂದು ನಾಮನಿರ್ದೇಶನ ಬೇಡವೆಂದಲ್ಲ, ಅದಿದ್ದರೆ ಮನೆಯವರ ಅಲೆದಾಟ ತಪ್ಪುತ್ತದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ಎಷ್ಟು ಎಂದೂ ಬರೆಯಬಹುದಾಗಿದೆ. ನಾಮಿನಿಯ ಹೆಸರೂ ಉಯಿಲಿನಲ್ಲಿರುವ ಹೆಸರೂ ಒಂದೇ ಆಗಿರುವಂತೆ ನೋಡಿಕೊಂಡರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಮರಳಿ ಪಡೆಯಲು ಅವಕಾಶವಿದೆ, ಹುಡುಕಲು ಉದ್ಗಮ್ ಎಂಬ ಜಾಲತಾಣವೂ ಇದೆ. ಆದರೆ ಅಪ್ಪನಿಗೆ ಯಾವ ಸಹಕಾರ ಸಂಘದಲ್ಲಿ, ಯಾವ ಅಂಚೆ ಕಚೇರಿಯಲ್ಲಿ ಎಷ್ಟು ಹಣವಿತ್ತೆಂಬುದು ಮಕ್ಕಳಿಗೆ ಗೊತ್ತೇ ಇರದ ಮನೆಗಳೇ ಹೆಚ್ಚು. ಒಂದು ನೋಟ್‌ಬುಕ್ಕಿನಲ್ಲಿ ಖಾತೆ, ವಿಮೆ, ಸಾಲ, ಕೈಗಡ, ಲಾಕರ್, ಪಹಣಿಯ ಸರ್ವೆ ನಂಬರುಗಳನ್ನು ಬರೆದಿಟ್ಟು ಅದು ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗೆ ಹೇಳಿದರೆ ಸಾಕು.

ತೀರಿಹೋದ ಮೇಲಿನ ಮಾತು ಇದಾಯಿತು. ಬದುಕಿರುವಾಗಲೇ ಮನಸ್ಸಿನ ಹಿಡಿತ ತಪ್ಪಿದರೆ ಏನು ಎಂಬುದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಸಮರ್ಪಕ ಉತ್ತರವೇ ಇಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು 60 ದಾಟಿದವರಲ್ಲಿ ಸುಮಾರು ಶೇ 7.4ರಷ್ಟು, ಅಂದರೆ 88 ಲಕ್ಷ ಮಂದಿ, ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆಂದು ಅಂದಾಜಿಸಿದೆ. "ಮಗನಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಟ್ಟಿದ್ದೇನೆ" ಎಂಬ ಧೈರ್ಯದಲ್ಲಿರುವವರು ತಿಳಿಯಬೇಕಾದ ಸಂಗತಿಯೆಂದರೆ, ಕರಾರು ಕಾಯ್ದೆಯ 201ನೇ ಕಲಮಿನಂತೆ ಬರೆದುಕೊಟ್ಟವರು ತೀರಿಕೊಂಡರೂ, ಅವರ ಬುದ್ಧಿ ಸ್ವಾಸ್ಥ್ಯ ಕೆಟ್ಟರೂ ಆ ಅಧಿಕಾರ ಪತ್ರ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಅಂದರೆ ಅದು ಅತ್ಯಂತ ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ. ಬುದ್ಧಿ ಮಸುಕಾದ ಮೇಲೂ ನಡೆಯುವಂಥ ಅಧಿಕಾರ ಪತ್ರಕ್ಕೆ ಹಲವು ದೇಶಗಳಲ್ಲಿ ಕಾನೂನಿದೆ, ನಮ್ಮಲ್ಲಿಲ್ಲ. ಹೀಗಾಗಿ ಕೋಮಾದಲ್ಲಿರುವ ಪತಿಯ ಖಾತೆಯಿಂದ ಅವರದೇ ಚಿಕಿತ್ಸೆಗೆ ಹಣ ತೆಗೆಯಲು ಪತ್ನಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾದ ಪರಿಸ್ಥಿತಿಯಿದೆ. ಕೇರಳ ಹೈಕೋರ್ಟ್ 2019ರಲ್ಲಿ ಇಂಥ ಪ್ರಕರಣಗಳಿಗೆ ಮಾರ್ಗಸೂಚಿಯನ್ನೇ ರೂಪಿಸಬೇಕಾಯಿತು. ಮಕ್ಕಳು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇದ್ದು, ಮೈಸೂರಿನಲ್ಲೋ ಧಾರವಾಡದಲ್ಲೋ ಇಬ್ಬರೇ ಇರುವ ದಂಪತಿಗಳು ಕನಿಷ್ಠ ತಮ್ಮ ಬ್ಯಾಂಕ್ ಖಾತೆಗಳನ್ನಾದರೂ "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಎಂಬ ಜಂಟಿ ಖಾತೆಗಳನ್ನಾಗಿ ಮಾಡಿಕೊಳ್ಳುವುದು ಕ್ಷೇಮ.

ಬೌದ್ಧಿಕ ವಿಕಲತೆ ಇರುವ ಮಗನೋ ಮಗಳೋ ಇರುವ ತಂದೆ ತಾಯಿಯರಿಗೆ "ನಮ್ಮ ನಂತರ ಇವನನ್ನು ಯಾರು ನೋಡುತ್ತಾರೆ" ಎಂಬ ಕೊರಗು ರಾತ್ರಿ ನಿದ್ದೆಗೊಡುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾ ದಂಡಾಧಿಕಾರಿಗಳಿರುವ ಸ್ಥಳೀಯ ಸಮಿತಿಯು 18 ದಾಟಿದ ಅಂಥ ಮಕ್ಕಳಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಆ ನೇಮಕವನ್ನು ತಾವಿರುವಾಗಲೇ ಮಾಡಿಸಿಕೊಂಡು, ಆಸ್ತಿಯನ್ನು ನೇರವಾಗಿ ಆ ಮಗುವಿನ ಹೆಸರಿಗೆ ಬರೆಯುವ ಬದಲು ಒಂದು ಟ್ರಸ್ಟ್ ಪತ್ರ ಮಾಡಿ, ಅದರ ಆದಾಯ ಆ ಮಗುವಿನ ಪಾಲನೆಗೆ ಸಲ್ಲುವಂತೆ ಮಾಡುವುದು ಒಳ್ಳೆಯದು. ಇದಕ್ಕೆ ಮಾತ್ರ ಅನುಭವಿ ವಕೀಲರ ಸಹಾಯ ಅವಶ್ಯ.

ಚಿಕಿತ್ಸೆಯ ವಿಷಯದಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದಿದೆ ಎಂಬುದನ್ನು ಸಂತೋಷದಿಂದ ಹೇಳಬೇಕು. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಕೃತಕ ಉಸಿರಾಟ ಮುಂತಾದ ಜೀವರಕ್ಷಕ ವ್ಯವಸ್ಥೆ ತನಗೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿತು, 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಇದನ್ನು ಜಾರಿಗೆ ತರಲು ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದ್ದು, ಆಸ್ಪತ್ರೆಗಳಲ್ಲಿ ಎರಡು ಹಂತದ ವೈದ್ಯಕೀಯ ಮಂಡಳಿಗಳಿಗೆ ಅವಕಾಶ ಕಲ್ಪಿಸಿದೆ. ಘನತೆಯಿಂದ ಸಾಯುವ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ವರ್ಷಗಟ್ಟಲೆ ನಡೆಸಿದ ಹೋರಾಟವನ್ನು ಇಲ್ಲಿ ಗೌರವದಿಂದ ನೆನೆಯುತ್ತೇನೆ. ವೆಂಟಿಲೇಟರ್ ತೆಗೆಯಬೇಕೋ ಬೇಡವೋ ಎಂದು ಮಕ್ಕಳೇ ತೀರ್ಮಾನಿಸಿ, ಆಮೇಲೆ ಬದುಕಿಡೀ ಒಬ್ಬರನ್ನೊಬ್ಬರು ದೂರುವ ನೋವನ್ನು ಒಂದು ಹಾಳೆಯ ಬರಹ ತಪ್ಪಿಸಬಲ್ಲದು.

ಹಳ್ಳಿಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ರಾಜ್ಯದ ಲಕ್ಷಾಂತರ ಪಹಣಿಗಳು ಇನ್ನೂ ಎಂದೋ ತೀರಿಹೋದ ಅಜ್ಜ, ಮುತ್ತಜ್ಜರ ಹೆಸರಿನಲ್ಲೇ ಇವೆ. ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸದ ಕಾರಣ ಉಳುವ ಮೊಮ್ಮಗನಿಗೆ ಬೆಳೆ ಸಾಲವಿಲ್ಲ, ಬೆಳೆ ಪರಿಹಾರವಿಲ್ಲ, ಪಿಎಂ ಕಿಸಾನ್ ಹಣವೂ ಇಲ್ಲ. ಕಂದಾಯ ಇಲಾಖೆ ಈಚೆಗೆ ಕೈಗೊಂಡ ಇ-ಪೌತಿ ಆಂದೋಲನ ಸ್ವಾಗತಾರ್ಹ. ಆದರೆ ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದಿಲ್ಲ. ಉಯಿಲಿನ ಬಗ್ಗೆ ತಕರಾರು ಬಂದರೆ ತಹಶೀಲ್ದಾರರು ಅದನ್ನು ತೀರ್ಮಾನಿಸುವಂತಿಲ್ಲ, ಸಿವಿಲ್ ನ್ಯಾಯಾಲಯಕ್ಕೇ ಬರಬೇಕು. ಈಗಿರುವ ಹಿರಿಯರು ತಮ್ಮ ತಂದೆಯ ಕಾಲದ ಪೌತಿ ಖಾತೆ, ಪೋಡಿ (ಅಳತೆ ಮಾಡಿ ಜಮೀನನ್ನು ಬೇರ್ಪಡಿಸುವುದು), ವಿಭಾಗಗಳನ್ನು ತಾವಿರುವಾಗಲೇ ಮುಗಿಸಿಕೊಟ್ಟರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ, ಯಾಕೆಂದರೆ ಯಾವ ಸರ್ವೆ ನಂಬರಿನ ಯಾವ ಮೂಲೆ ಯಾರಿಗೆ ಬಾಯಿಮಾತಿನಲ್ಲಿ ಹಂಚಿಕೆಯಾಗಿತ್ತೆಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಸಾವಿನ ಮಾತು ಎತ್ತುವುದು ಅಶುಭವೆಂದು ಮಕ್ಕಳು ಸುಮ್ಮನಿರುತ್ತಾರೆ, ಕೇಳಿದರೆ ಆಸ್ತಿಯ ಆಸೆ ಎಂದುಕೊಂಡಾರೆಂಬ ಸಂಕೋಚವೂ ಅವರಿಗಿರುತ್ತದೆ. ಆದ್ದರಿಂದ ಈ ಮಾತನ್ನು ಹಿರಿಯರೇ ಎತ್ತಬೇಕು. ಹಬ್ಬಕ್ಕೆ ಹೆಣ್ಣುಮಕ್ಕಳೂ ಅಳಿಯಂದಿರೂ ಬಂದಿರುವಾಗ, ಎಲ್ಲರ ಎದುರಿನಲ್ಲಿ, "ನಾನು ಹೀಗೆ ಬರೆದಿಡುತ್ತಿದ್ದೇನೆ" ಎಂದು ಹೇಳಿದ ಯಜಮಾನರ ಉಯಿಲು ನ್ಯಾಯಾಲಯದವರೆಗೆ ಬರುವುದು ಬಹಳ ಕಡಿಮೆ.

ತಮ್ಮ ಪತ್ರಿಕೆಯ ಮೂಲಕ ಸರ್ಕಾರವನ್ನು ಕೆಲವು ಮಾತು ಕೇಳಿಕೊಳ್ಳುತ್ತೇನೆ. 60 ದಾಟಿದವರು ದಾನಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲು ಬಂದಾಗ, ಪತ್ರ ಪಡೆಯುವವರನ್ನು ಹೊರಗೆ ಕಳಿಸಿ, ಪತ್ರದ ಪರಿಣಾಮವನ್ನು ಅವರಿಗೆ ಅವರ ಮಾತಿನಲ್ಲೇ ವಿವರಿಸಿ, ಜೀವನ ನಿರ್ವಹಣೆಯ ಷರತ್ತು ಬೇಕೇ ಬೇಡವೇ ಎಂದು ಕೇಳಿ ಅವರ ಉತ್ತರವನ್ನು ದಾಖಲಿಸಿಕೊಳ್ಳುವುದನ್ನು ಉಪನೋಂದಣಿ ಕಚೇರಿಗಳಲ್ಲಿ ಕಡ್ಡಾಯ ಮಾಡಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ದಾನಪತ್ರದ ಅರ್ಜಿಗೆ ಇದಕ್ಕಾಗಿ ಒಂದು ಪ್ರತ್ಯೇಕ ಪುಟ ಸೇರಿಸುವುದು ಕಷ್ಟದ ಕೆಲಸವಲ್ಲ. ಕಾಯಿಲೆ, ಅಶಕ್ತತೆಗಳಿಂದ ಕಚೇರಿಗೆ ಬರಲಾಗದವರ ಮನೆಗೇ ಅಧಿಕಾರಿ ಬಂದು ಉಯಿಲನ್ನು ನೋಂದಾಯಿಸಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಮುಚ್ಚಿದ ಲಕೋಟೆಯಲ್ಲಿ ಉಯಿಲನ್ನು ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಬಹುದು. ಈ ಎರಡು ಸೌಲಭ್ಯಗಳನ್ನು ಪ್ರತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು. 2007ರ ಕಾಯ್ದೆಯಡಿ ಜೀವನಾಂಶದ ಗರಿಷ್ಠ ಮಿತಿ ಇಂದಿಗೂ ತಿಂಗಳಿಗೆ 10,000 ರೂಪಾಯಿ. ಮಂಡಿಚಿಪ್ಪಿನ ನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಔಷಧಿಯ ಬೆಲೆ ಗೊತ್ತಿರುವ ಯಾರೂ ಇದು ಸಾಕೆನ್ನಲಾರರು, ಕೇಂದ್ರ ಸರ್ಕಾರ ಅದನ್ನು ಪರಿಷ್ಕರಿಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ನೀಡುತ್ತವೆ. ಆ ನೆರವು ದಾವೆ ಹೂಡಿದ ಮೇಲೆ ಸಿಗುವುದಕ್ಕಿಂತ ಉಯಿಲು ಬರೆಯುವ ಹಂತದಲ್ಲೇ ಸಿಗುವಂತೆ, ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಉಯಿಲು ಶಿಬಿರಗಳನ್ನು ನಡೆಸಬೇಕು. ನಮ್ಮ ವಕೀಲರ ಸಂಘದ ಹಲವು ಕಿರಿಯ ಸ್ನೇಹಿತರು ಇಂಥ ಶಿಬಿರಗಳಿಗೆ ಶುಲ್ಕವಿಲ್ಲದೆ ಬರಲು ಸಿದ್ಧರಿದ್ದಾರೆ.

ಈಗಾಗಲೇ ಬರೆದುಕೊಟ್ಟು ತೊಂದರೆಯಲ್ಲಿರುವ ಹಿರಿಯರು 14567 ಸಂಖ್ಯೆಯ ಎಲ್ಡರ್‌ಲೈನ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು, ಉಪವಿಭಾಗಾಧಿಕಾರಿಗಳ ಕಚೇರಿಗೆ ತಾವೇ ಹೋಗಿ ಅರ್ಜಿ ಕೊಡಬಹುದು. ಅರ್ಜಿಗೆ ದಾನಪತ್ರದ ದೃಢೀಕೃತ ಪ್ರತಿ, ವಯಸ್ಸಿನ ದಾಖಲೆ, ಮತ್ತು ನೋಡಿಕೊಳ್ಳುತ್ತೇವೆಂದು ಮಕ್ಕಳು ಎಂದಾದರೂ ಬರೆದ ಒಂದು ಸಾಲು, ಅದು ಮೊಬೈಲಿನ ಸಂದೇಶವೇ ಆಗಿದ್ದರೂ ಸರಿ, ಲಗತ್ತಿಸುವುದನ್ನು ಮರೆಯಬಾರದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಿವಿಲ್ ವಕೀಲ
ಹಾಸನ ಜಿಲ್ಲೆ